ಪದವೀಧರ ಕ್ಷೇತ್ರದ ನೋಂದಣಿ ಸೇವೆ: ಐದಕ್ಕೆ ಮೂರು ಅಂಕ

ಪದವೀಧರರಷ್ಟೇ ಮತ ಹಾಕಿ ವಿಧಾನ ಪರಿಷತ್ತಿಗೆ ಸದಸ್ಯರನ್ನು ಕಳಿಸುವ ನೈರುತ್ಯ ಪದವೀಧರ ಕ್ಷೇತ್ರದ ಮತದಾರರ ನೋಂದಣಿಗೆ ಐದರಲ್ಲಿ ಮೂರು ಅಂಕ ಕೊಡಬಹುದು. ಹೋದ ಎರಡರಲ್ಲಿ ಒಂದೂವರೆ ಅಂಕ ಒಂದೇ ನಿಯಮದ ತಲೆಗೆ: ಇಲ್ಲಿ ಪ್ರತಿ ಚುನಾವಣೆಗೂ ಪಟ್ಟಿಯನ್ನು ಹೊಸದಾಗಿ ಮಾಡುತ್ತಾರೆ.

‘ಎಪಿಕ್ ಕಾರ್ಡ್ (ಮತದಾರರ ಗುರುತಿನ ಚೀಟಿ) ಇದೆ, ಲೋಕಸಭೆಗೆ ವೋಟ್ ಹಾಕಿದ್ದೀನಿ, ಹೋದ ಸಲ ಇದೇ ಪಟ್ಟಿಯಲ್ಲಿ ಹೆಸರಿತ್ತು’ ಎಂಬ ಯಾವ ಮಾತೂ ಬೂತಿನಲ್ಲಿ ನಡೆಯದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪಕ್ಷದ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಗೆ, ಮತ ಹಾಕಲು ಆ ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಂಡಿರಬೇಕು. ಆದರೆ ಒಮ್ಮೆ ಮಾಡಿಸಿದರೆ ಮುಂದಿನ ಪ್ರೈಮರಿಗೂ ಅದೇ ಸಾಕು. ನಮ್ಮಲ್ಲಿ ಆರು ವರ್ಷಕ್ಕೊಮ್ಮೆ ‘ನಾನು ಪದವೀಧರ’ ಎಂದು ಮತ್ತೆ ರುಜುವಾತು ಮಾಡಬೇಕು. ಪದವಿ ಏನು ಹಳಸುವ ಪದಾರ್ಥವೇ?

ನೋಂದಣಿಯ ಅರ್ಜಿ, ಅಂದರೆ ಫಾರಂ 18, ಮಾತ್ರ ಸಲೀಸು. ಫೋಟೊ, ವಿಳಾಸ, ಪದವಿಯ ವಿವರ ತುಂಬಿ, ಪದವಿ ಪ್ರಮಾಣಪತ್ರದ ನಕಲು ಲಗತ್ತಿಸಿ ತಾಲ್ಲೂಕು ಕಚೇರಿಯಲ್ಲಿ ಕೊಟ್ಟರಾಯಿತು. ಮೂಲ ಪ್ರತಿ ಒಯ್ಯಿರಿ, ಅಲ್ಲೇ ತಾಳೆ ನೋಡಿ ಸಹಿ ಹಾಕುತ್ತಾರೆ. ಇಲ್ಲವಾದರೆ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಪಕ್ಷದ ಕಾರ್ಯಕರ್ತರು ಕಟ್ಟು ಕಟ್ಟಿ ತರುವ ಅರ್ಜಿಗಳಿಗೆ ಅವಕಾಶವಿಲ್ಲ. ಮನೆಯವರ ಅರ್ಜಿಯನ್ನು ಒಬ್ಬರೇ ಕೊಡಬಹುದು.

ಎಡವುವುದು ದಿನಾಂಕದಲ್ಲಿ. ಚುನಾವಣೆಗೆ ಹಿಂದಿನ ನವೆಂಬರ್ 1ಕ್ಕೆ ಪದವಿ ಪಡೆದು ಮೂರು ವರ್ಷ ತುಂಬಿರಬೇಕು. ಲೆಕ್ಕ ಶುರುವಾಗುವುದು ಫಲಿತಾಂಶ ಪ್ರಕಟವಾದ ದಿನದಿಂದ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಘಟಿಕೋತ್ಸವದಿಂದಲ್ಲ. ಪದವಿ ಯಾವ ಊರಿನ ವಿಶ್ವವಿದ್ಯಾಲಯದ್ದಾದರೂ ಸೈ, ವಾಸ ಮಾತ್ರ ಕ್ಷೇತ್ರದೊಳಗೇ ಇರಬೇಕು. ಬೆಂಗಳೂರಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ತೀರ್ಥಹಳ್ಳಿಗೆ ಬರುವವರ ಅರ್ಜಿ ಪರಿಶೀಲನೆಯಲ್ಲಿ ಬಿದ್ದುಹೋಗುವುದು ಇದೇ ಕಾರಣಕ್ಕೆ. ಕರಡು ಪಟ್ಟಿ ಬಂದೊಡನೆ ಹೆಸರು ನೋಡಿಕೊಳ್ಳಿ. ತಕರಾರು ಸಲ್ಲಿಸಲು ಸಿಗುವುದು ಕೆಲವೇ ದಿನ.

ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕಾದರೆ ಫಾರಂ 19. ಹಿಂದಿನ ಆರು ವರ್ಷದಲ್ಲಿ ಒಟ್ಟು ಮೂರು ವರ್ಷ ಪ್ರೌಢಶಾಲೆ ಅಥವಾ ಅದಕ್ಕೂ ಮೇಲಿನ ಹಂತದಲ್ಲಿ ಪಾಠ ಮಾಡಿರಬೇಕು.

ಮತಗಟ್ಟೆಯ ವ್ಯವಸ್ಥೆಗೆ ಪೂರ್ತಿ ಅಂಕ. ಇವಿಎಂ ಇಲ್ಲ, ಕಾಗದದ ಮತಪತ್ರ. ಅಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ನಿನಲ್ಲೇ ಹೆಸರಿನ ಮುಂದೆ ಪ್ರಾಶಸ್ತ್ಯದ ಅಂಕಿ (ನಿಮಗೆ ಯಾರು ಮೊದಲು, ಯಾರು ಎರಡನೆಯವರು ಎಂಬುದು) ಬರೆಯಬೇಕು. ‘1’ ಆದೀತು, ಕನ್ನಡದ ‘೧’ ಕೂಡ ಆದೀತು. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ಆಗದು. ಟಿಕ್ ಹಾಕಿದರೆ, ಸಹಿ ಮಾಡಿದರೆ, ಇಬ್ಬರಿಗೆ ಒಂದೊಂದು ‘1’ ಕೊಟ್ಟರೆ ಮತ ಕುಲಗೆಟ್ಟಂತೆ. ಓದಿದವರದ್ದೇ ಕ್ಷೇತ್ರವಾದರೂ ಎಣಿಕೆಯಲ್ಲಿ ತಿರಸ್ಕೃತ ಮತಗಳ ಕಟ್ಟು ತಪ್ಪಿದ್ದಲ್ಲ. ಮೊದಲ ಪ್ರಾಶಸ್ತ್ಯವೊಂದನ್ನೇ ಬರೆದು ಉಳಿದದ್ದು ಖಾಲಿ ಬಿಟ್ಟರೆ ತೊಂದರೆಯಿಲ್ಲ, ಆದರೆ ನಿಮ್ಮ ಅಭ್ಯರ್ಥಿ ಎಣಿಕೆಯಲ್ಲಿ ಕಡಿಮೆ ಮತ ಪಡೆದು ಕಣದಿಂದ ಹೊರಬಿದ್ದಾಗ ಆ ಮತ ಮುಂದಕ್ಕೆ ಯಾರಿಗೂ ಹೋಗುವುದಿಲ್ಲ.

ಹಿಂದಿನ ಮತದಾನ 2024ರ ಜೂನ್ 3ಕ್ಕೆ ನಡೆಯಿತು. ಅವಧಿ ಆರು ವರ್ಷವಾದ್ದರಿಂದ ಮುಂದಿನ ಪಟ್ಟಿಗೆ ಅರ್ಹತಾ ದಿನ 2029ರ ನವೆಂಬರ್ 1. 2026ರ ಅಕ್ಟೋಬರ್ ಮುಗಿಯುವುದರೊಳಗೆ ಫಲಿತಾಂಶ ಬಂದವರು ಆಗ ಫಾರಂ 18 ಕೊಡಬಹುದು.