ಬರ್ಲಿನ್ನಾ, ಪ್ಯಾರಿಸ್ಸಾ? ವೀಗನ್ ಊಟಕ್ಕೆ ಯಾವುದು ಸಲೀಸು?

ವೀಗನ್, ಅಂದರೆ ಮಾಂಸದ ಜೊತೆಗೆ ಹಾಲು, ತುಪ್ಪ, ಮೊಟ್ಟೆ, ಜೇನು ಯಾವುದೂ ಬೇಡ ಅನ್ನುವವರು ಎರಡರಲ್ಲಿ ಒಂದೇ ಊರು ನೋಡುವುದಾದರೆ, ನಾನು ಬರ್ಲಿನ್ ಅಂತಲೇ ಹೇಳುತ್ತೇನೆ.

ಅಲ್ಲಿ ಹುಡುಕಾಟವೇ ಕಡಿಮೆ. ಪೂರ್ತಿ ವೀಗನ್ ಸಾಮಾನಿನ ಸೂಪರ್‌ಮಾರ್ಕೆಟ್ 2011ರಲ್ಲೇ ಅಲ್ಲಿ ಶುರುವಾಗಿತ್ತು. ಈಗ ಸಾಮಾನ್ಯ ಅಂಗಡಿಯಲ್ಲೂ ಓಟ್ಸ್ ಹಾಲು, ತೋಫು ಸಿಗುತ್ತದೆ. ಹಸಿವಾದರೆ ನೊಯ್‌ಕೋಲ್ನ್ ಬಡಾವಣೆ ಕಡೆಯ ಜೊನೆನಲ್ಲೇ ರಸ್ತೆಗೆ ಹೋಗಿ, ಅರಬ್ ತಿಂಡಿ ಅಂಗಡಿಗಳ ಸಾಲೇ ಇದೆ. ಫಲಾಫೆಲ್ ಅಂದರೆ ನಮ್ಮ ಮಸಾಲೆ ವಡೆಯ ನೆಂಟ. ನೆನೆಸಿದ ಕಾಬೂಲ್ ಕಡಲೆ ರುಬ್ಬಿ, ಸೊಪ್ಪು ಸೇರಿಸಿ ಕರಿದದ್ದು. ಹೊರಗೆ ಗರಿಗರಿ, ಮುರಿದರೆ ಒಳಗೆ ಹಸಿರು. ಸಾಸ್ ಮಾತ್ರ ಕೇಳಿಯೇ ಹಾಕಿಸಿಕೊಳ್ಳಿ. ಎಳ್ಳಿನದಕ್ಕೂ ಕೆಲವರು ಮೊಸರು ಬೆರೆಸುತ್ತಾರೆ. ಭಾನುವಾರ ಹೆಚ್ಚಿನ ಸೂಪರ್‌ಮಾರ್ಕೆಟ್‌ಗಳು ಬಾಗಿಲು ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಿ.

ಪ್ಯಾರಿಸ್‌ನಲ್ಲಿ ಬೆಣ್ಣೆಯದೇ ಕಾರುಬಾರು. ಬೇಕರಿ ಮುಂದೆ ಘಮ ಬಂದರೆ ಕಾಲು ತಾನಾಗೇ ನಿಲ್ಲುತ್ತದೆ, ಆದರೆ ಬೆಣ್ಣೆ ಹಾಕಿ ಪದರ ಪದರವಾಗಿ ಸುಟ್ಟ ಕ್ರುವಾಸಾನ್ ಸಾಮಾನ್ಯವಾಗಿ ನಮಗಲ್ಲ. ಬ್ಯಾಗೆಟ್ ಅನ್ನುವ ಉದ್ದನೆಯ ಬ್ರೆಡ್ಡು ನಮ್ಮದೇ! ಸಾಂಪ್ರದಾಯಿಕ ಬ್ಯಾಗೆಟ್‌ಗೆ 1993ರಿಂದ ಕಾನೂನೇ ಇದೆ: ಮುಖ್ಯವಾಗಿ ಹಿಟ್ಟು, ನೀರು, ಉಪ್ಪು, ಹುದುಗು. ಹಾಲು, ಬೆಣ್ಣೆ ಸೇರುವಂತಿಲ್ಲ. ಜೊತೆಗೆ ಟೊಮೆಟೊ, ಆಲಿವ್ ಇದ್ದರೆ ಮಧ್ಯಾಹ್ನದ ಊಟ ಆಯ್ತು. ಮಾರೆ ಬಡಾವಣೆಯ ರೋಸಿಯೇ ಬೀದಿಯಲ್ಲಿ ಫಲಾಫೆಲ್ ಇಲ್ಲೂ ಸಿಗುತ್ತದೆ. ವೀಗನ್ ಹೋಟೆಲುಗಳೂ ಇವೆ, ಆದರೆ ಸುಮ್ನೆ ನಡೆಯುತ್ತಾ ಎದುರಾಗುವುದು ಕಡಿಮೆ. ಮೊದಲೇ ನೋಡಿಟ್ಟುಕೊಳ್ಳಬೇಕು. ಅಡುಗೆಮನೆ ಇರುವ ರೂಮು ಹಿಡಿದರೆ ಜಾಸ್ತಿ ನೆಮ್ಮದಿ.

ಎರಡೂ ಕಡೆ ಪೊಟ್ಟಣದ ಮೇಲೆ ಹಾಲು, ಮೊಟ್ಟೆಯ ಹೆಸರನ್ನು ಎದ್ದು ಕಾಣುವಂತೆ ಅಚ್ಚು ಹಾಕಿರಬೇಕು ಅನ್ನುವುದು ಯುರೋಪಿನ ನಿಯಮ. ಜೇನಿಗೆ ಆ ನಿಯಮವಿಲ್ಲ, ಅದನ್ನು ಪಟ್ಟಿಯಲ್ಲಿ ಹುಡುಕಿ ಓದಿ.