ಉಣ್ಣದ ಹಾವಿನ ಮರಿಗೆ ‘ಮೊದಲ ಊಟದ ಕಿಟ್’: ಮಲೆನಾಡಿನ ಮಳೆಗಾಲದಲ್ಲಿ ಬಳಸಿ ನೋಡಿದ ವಿಮರ್ಶೆ

ಬೆಂಗಳೂರಿನ ಪೂರೈಕೆದಾರರೊಬ್ಬರು ‘ಮೊದಲ ಊಟದ ಕಿಟ್’ ಎಂದು ಮಾರುವ ಪೆಟ್ಟಿಗೆಯನ್ನು ಶಿವಮೊಗ್ಗಕ್ಕೆ ತರಿಸಿಕೊಂಡು, ಊಟಕ್ಕೆ ಬಾಯಿ ಹಾಕದ ಕಾರ್ನ್ ಸ್ನೇಕ್ ಮರಿಯೊಂದಕ್ಕೆ ಮಳೆಗಾಲವಿಡೀ ಬಳಸಿ ನೋಡಿದ್ದೇನೆ. ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿದ ಇಲಿಮರಿಗಳ ಪ್ಯಾಕೆಟ್, ಉದ್ದನೆಯ ಚಿಮಟ, ಮುಚ್ಚಳಕ್ಕೆ ತೂತು ಕೊರೆದ ಸಣ್ಣ ಪ್ಲಾಸ್ಟಿಕ್ ಡಬ್ಬಿ, ಥರ್ಮೋಸ್ಟ್ಯಾಟ್ (ಬಿಸಿಯನ್ನು ಹದದಲ್ಲಿಡುವ ಸಾಧನ) ಜೋಡಿಸಿದ ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಕಾಯುವ ಹಾಳೆ), ‘ಹಲ್ಲಿಯ ವಾಸನೆ’ ಎಂಬ ಚೀಟಿ ಅಂಟಿಸಿದ ಒಂದು ಪುಟ್ಟ ಶೀಶೆ ಮತ್ತು ಎರಡು ಪುಟಗಳ ಸೂಚನಾಪತ್ರ ಇರುತ್ತವೆ. ಜಾಹೀರಾತು ಎತ್ತಿ ಹಿಡಿಯುವುದು ಇಲಿಮರಿಗಳನ್ನೂ ಶೀಶೆಯನ್ನೂ. ನನ್ನ ಮಟ್ಟಿಗೆ ಕೊಟ್ಟ ಹಣಕ್ಕೆ ಹೆಚ್ಚು ನ್ಯಾಯ ಒದಗಿಸಿದವು ಥರ್ಮೋಸ್ಟ್ಯಾಟ್ ಮತ್ತು ಆ ಖಾಲಿ ಡಬ್ಬಿ.

ಈ ಕಿಟ್ ಯಾರಿಗೆ ಎಂಬುದನ್ನು ಮೊದಲು ಸ್ಪಷ್ಟಪಡಿಸುವುದು ಒಳ್ಳೆಯದು, ಏಕೆಂದರೆ ನಮ್ಮ ಕಡೆ ಅಡಿಕೆ ತೋಟದಲ್ಲೋ ಕೊಟ್ಟಿಗೆಯ ಹುಲ್ಲಿನಲ್ಲೋ ಕೇರೆ ಹಾವಿನ ಮರಿ ಸಿಕ್ಕಿದಾಗ ಅದನ್ನು ಡಬ್ಬಿಗೆ ಹಾಕಿಟ್ಟು ಸಾಕಲು ಹೊರಡುವ ಹುಡುಗರಿದ್ದಾರೆ. ಕೇರೆ, ನೀರುಹಾವು, ಹಸಿರುಹಾವು ಸೇರಿದಂತೆ ನಮ್ಮ ನೆಲದ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದ್ದು, ಅವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಅಂಥ ಮರಿ ಕಂಡರೆ ಅದರ ಪಾಡಿಗೆ ಬಿಡಬೇಕು. ಮನೆಯೊಳಗೆ ಸೇರಿಕೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ನಾನು ಇಲ್ಲಿ ಹೇಳುತ್ತಿರುವುದು ಸಾಕಣೆಯಲ್ಲೇ ಹುಟ್ಟಿದ ವಿದೇಶಿ ಜಾತಿಯ ಮರಿಗಳ ಮಾತು. ಅವುಗಳಲ್ಲೂ ಆಫ್ರಿಕಾದ ಹೆಬ್ಬಾವಾದ ಬಾಲ್ ಪೈಥಾನ್‌ನಂಥ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜಾತಿಗಳನ್ನು ಸಾಕುವವರು ಅದೇ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಕಾಗದಪತ್ರ ಕೊಡದೆ ಮರಿ ಮಾರುವವರ ಹತ್ತಿರ ವ್ಯವಹಾರವನ್ನೇ ಇಟ್ಟುಕೊಳ್ಳಬಾರದು.

ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ ಹಾವು. ಮೊಟ್ಟೆಯಿಂದ ಹೊರಬಂದ ಮರಿ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಉದ್ದವಿರುತ್ತದೆ. ತೂಕ ಹತ್ತು ಗ್ರಾಂ ಮುಟ್ಟುವುದಿಲ್ಲ. ಮೊದಲ ಪೊರೆ ಬಿಡುವವರೆಗೆ, ಅಂದರೆ ಸುಮಾರು 7ರಿಂದ 10 ದಿನ, ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯೇ ಅದಕ್ಕೆ ಆಹಾರ. ಆಮೇಲೆ ಕಾಡಿನಲ್ಲಾದರೆ ಅದು ಹುಡುಕಿಕೊಂಡು ಹೋಗುವುದು ಸಣ್ಣ ಹಲ್ಲಿ, ಮರಗಪ್ಪೆಗಳನ್ನು. ಸಾಕಣೆಯಲ್ಲಿ ನಾವು ಅದರ ಮುಂದೆ ಹಿಡಿಯುವುದು ಕೂದಲೂ ಹುಟ್ಟದ, ಕಣ್ಣೂ ತೆರೆಯದ ಬಿಳಿ ಇಲಿಯ ಮರಿಯನ್ನು. ಸಾಕುವವರು ಇದನ್ನು ಪಿಂಕಿ ಎನ್ನುತ್ತಾರೆ. ಬಹುಪಾಲು ಮರಿಗಳು ಇದನ್ನೇ ಆಹಾರವೆಂದು ಒಪ್ಪಿಕೊಳ್ಳುತ್ತವೆ, ಕೆಲವು ಒಪ್ಪಿಕೊಳ್ಳುವುದಿಲ್ಲ. ಒಪ್ಪದ ಮರಿಯ ಮಾಲೀಕ ಗಾಬರಿಯಾಗಿ ದಿನಕ್ಕೆರಡು ಸಲ ಮುಚ್ಚಳ ತೆರೆದು ನೋಡುತ್ತಾನೆ. ಬೆದರಿದ ಮರಿ ಇನ್ನಷ್ಟು ಮುದುಡಿಕೊಳ್ಳುತ್ತದೆ. ಈ ಕಿಟ್ ಮಾರಾಟವಾಗುವುದು ಆ ಗಾಬರಿಯ ಹೊತ್ತಿನಲ್ಲಿಯೇ.

ಮಲೆನಾಡಿನಲ್ಲಿ ಮರಿ ಉಣ್ಣದಿರುವುದಕ್ಕೆ ನಾನು ಮೊದಲು ಸಂಶಯ ಪಡುವುದು ಚಳಿಯನ್ನು. ಕಾರ್ನ್ ಸ್ನೇಕ್ ಮರಿ ವಾಸಿಸುವ ಗೂಡಿನ ಒಂದು ತುದಿ 29ರಿಂದ 31 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು, ಇನ್ನೊಂದು ತುದಿ 24ರ ಆಸುಪಾಸಿನಲ್ಲಿ ತಂಪಾಗಿರಬೇಕು. ಬೇಕಾದಾಗ ಬೇಕಾದ ಕಡೆಗೆ ಅದು ತಾನೇ ಸರಿದುಕೊಳ್ಳುತ್ತದೆ. ಹಾವಿಗೆ ಸ್ವಂತ ಮೈಬಿಸಿ ಇಲ್ಲವಾದ್ದರಿಂದ ಹೊಟ್ಟೆಯಡಿಯ ನೆಲ ತಣ್ಣಗಿದ್ದರೆ ನುಂಗಿದ್ದು ಜೀರ್ಣವಾಗುವುದಿಲ್ಲ, ಜೀರ್ಣವಾಗದ ವಾತಾವರಣದಲ್ಲಿ ಅದಕ್ಕೆ ಹಸಿವೂ ಹುಟ್ಟುವುದಿಲ್ಲ. ಪುನರ್ವಸು, ಪುಷ್ಯ ಮಳೆಗಳು ಬಿಡದೆ ಸುರಿಯುವ ದಿನಗಳಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯ ಹಂಚಿನ ಮನೆಯೊಳಗೆ ಈ ಬಿಸಿ ತಾನಾಗಿ ಸಿಗುವ ಮಾತೇ ಇಲ್ಲ. ಶಿವಮೊಗ್ಗ ನಗರದ ತಾರಸಿ ಮನೆಯಲ್ಲೂ ಆಷಾಢದಲ್ಲಿ ಸಿಗುವುದಿಲ್ಲ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕುಳಿತು ‘ಕೋಣೆಯ ಬಿಸಿಯೇ ಸಾಕು’ ಎಂದು ಸಲಹೆ ಕೊಡುವವರು ಇದನ್ನು ಗಮನಿಸುವುದಿಲ್ಲ.

ಕಿಟ್ಟಿನ ಥರ್ಮೋಸ್ಟ್ಯಾಟ್ ನೋಡಲು ಸಾಮಾನ್ಯವಾದದ್ದು. ಕೋಳಿಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆ ಕಟ್ಟಿಕೊಳ್ಳುವವರು ಬಳಸುವ ಎಸ್‌ಟಿಸಿ-1000 ಮಾದರಿಯ ಡಿಜಿಟಲ್ ನಿಯಂತ್ರಕವೇ ಅದು: ತಂತಿಯ ತುದಿಯಲ್ಲಿ ಒಂದು ಸೆನ್ಸರ್, ಮುಂದೆ ದಶಾಂಶದವರೆಗೆ ತೋರಿಸುವ ಅಂಕಿಗಳು, ಒಳಗೆ ಮ್ಯಾಟ್‌ನ ವಿದ್ಯುತ್ತನ್ನು ಹಾಕಿ ತೆಗೆಯುವ ರಿಲೇ. ಹೊಸದೇನೂ ಅಲ್ಲ, ಆದರೆ ಕೆಲಸ ಮಾಡುತ್ತದೆ. ಮ್ಯಾಟ್ ಅನ್ನು ಗೂಡಿನ ತಳದ ಮೂರನೆಯ ಒಂದು ಭಾಗಕ್ಕೆ ಮಾತ್ರ ಹೊರಗಡೆಯಿಂದ ಅಂಟಿಸಿ, ಸೆನ್ಸರನ್ನು ಮ್ಯಾಟ್ ಮತ್ತು ಗೂಡಿನ ನಡುವೆ ಟೇಪಿನಿಂದ ಭದ್ರಪಡಿಸಿದರೆ ಬೆಚ್ಚಗಿನ ತುದಿ ಹಗಲೂ ರಾತ್ರಿ ಒಂದೇ ಹದದಲ್ಲಿ ನಿಲ್ಲುತ್ತದೆ. ಗೂಡಿನ ಒಳನೆಲದ ಬಿಸಿಯನ್ನು ಬೇರೊಂದು ಥರ್ಮಾಮೀಟರಿನಿಂದ ಅಳೆದು, ವ್ಯತ್ಯಾಸವಿದ್ದಷ್ಟು ಅಂಕಿಯನ್ನು ಏರಿಸಿ ಇಳಿಸಿ ಹೊಂದಿಸಿಕೊಳ್ಳುವುದು ಅಗತ್ಯ. ಈ ಮಾತು ಸೂಚನಾಪತ್ರದಲ್ಲಿಲ್ಲ. ಥರ್ಮೋಸ್ಟ್ಯಾಟ್ ಇಲ್ಲದೆ ಬರಿಯ ಮ್ಯಾಟ್ ಹಚ್ಚುವುದು ಅಪಾಯ, ಏಕೆಂದರೆ ನಿಯಂತ್ರಣವಿಲ್ಲದ ಮ್ಯಾಟ್ ಮರಿಯ ಹೊಟ್ಟೆ ಸುಡುವಷ್ಟು ಕಾಯಬಲ್ಲದು ಮತ್ತು ಅಡಿಯಿಂದ ಬರುವ ಬಿಸಿಯನ್ನು ಹಾವು ಸುಟ್ಟ ಮೇಲೂ ಬಿಟ್ಟು ಸರಿಯದಿರಬಹುದು. ಮ್ಯಾಟ್ ಎಳೆಯುವ ವಿದ್ಯುತ್ ತೀರ ಕಡಿಮೆಯಾದ್ದರಿಂದ ಮನೆಯ ಯುಪಿಎಸ್‌ಗೆ ಹೊರೆಯಾಗುವುದಿಲ್ಲ. ಗಾಳಿಮಳೆಗೆ ಮರ ಬಿದ್ದು ಲೈನು ಹೋಗುವ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಬಿಸಿ ಸರಿಹೋದ ನಂತರ, ಬೇರೆ ಯಾವ ತಂತ್ರವನ್ನೂ ಹೂಡುವ ಮೊದಲೇ, ನಮ್ಮ ಮರಿ ರಾತ್ರಿ ಹೊತ್ತು ಹೊರಗೆ ತಲೆ ಹಾಕಿ ನಾಲಗೆ ಚಾಚುವುದಕ್ಕೆ ಶುರುಮಾಡಿತು.

ಇನ್ನು ಆ ಸಣ್ಣ ಡಬ್ಬಿ. ಕೈಮುಷ್ಟಿಯಷ್ಟು ಗಾತ್ರದ ಇದರಲ್ಲಿ ಒಂದು ತುಂಡು ಕಾಗದದ ಟವೆಲ್, ಕರಗಿಸಿ ಬಿಸಿ ಮಾಡಿದ ಪಿಂಕಿ ಮತ್ತು ಮರಿ, ಇಷ್ಟನ್ನು ಇಟ್ಟು ಮುಚ್ಚಳ ಹಾಕಿ, ಡಬ್ಬಿಯನ್ನು ಅದರ ಗೂಡಿನ ಬೆಚ್ಚಗಿನ ತುದಿಯಲ್ಲಿ ಕತ್ತಲಾಗುವ ಹಾಗೆ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಗೂಡು ವಿಶಾಲವಾಗಿದ್ದಷ್ಟೂ ಹಾವಿನ ಮರಿಗೆ ಸುಖವೆಂದು ಭಾವಿಸುವುದು ಮನುಷ್ಯರ ಲೆಕ್ಕಾಚಾರ. ಎಲ್ಲರಿಗೂ ಆಹಾರವಾಗಬಲ್ಲ ಪ್ರಾಣಿಗೆ ಬಯಲು ಎಂದರೆ ಭಯ; ಮೈಗೆ ನಾಲ್ಕೂ ಕಡೆ ಏನಾದರೂ ತಾಗುತ್ತಿದ್ದರೆ ಮಾತ್ರ ಅದಕ್ಕೆ ಧೈರ್ಯ. ಚಿಮಟದಿಂದ ಹಿಡಿದು ತೋರಿಸಿದ್ದನ್ನು ಮೂಸಿಯೂ ನೋಡದ ನಮ್ಮ ಮರಿ ಮೊದಲ ಪಿಂಕಿಯನ್ನು ನುಂಗಿದ್ದು ಈ ಡಬ್ಬಿಯ ಕತ್ತಲೆಯಲ್ಲಿ. ಮುಚ್ಚಳದ ತೂತುಗಳ ಅಂಚನ್ನು ಕಂಪನಿಯವರು ಉಜ್ಜಿ ನಯ ಮಾಡಿರಲಿಲ್ಲ. ಒಳಗಿನಿಂದ ಒರಟಾಗಿದ್ದ ಅವುಗಳನ್ನು ಬಳಸುವ ಮೊದಲು ಸ್ಯಾಂಡ್‌ಪೇಪರಿನಿಂದ ತಿಕ್ಕಬೇಕಾಯಿತು, ಇಲ್ಲವಾದರೆ ಮೂತಿ ತುರುಕುವ ಮರಿಗೆ ಗಾಯವಾದೀತು.

ಪಿಂಕಿಗಳ ಗುಣಮಟ್ಟದ ಬಗ್ಗೆ ದೂರಿಲ್ಲ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಜೆಲ್ ಪ್ಯಾಕುಗಳ ನಡುವೆ ಕಟ್ಟಿ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹಾಕಿದ ಪಾರ್ಸೆಲ್, ಬೆಳಿಗ್ಗೆ ಶಿವಮೊಗ್ಗದ ನಿಲ್ದಾಣದಲ್ಲಿ ಬಿಡಿಸಿಕೊಂಡಾಗ ಕಲ್ಲಿನಂತೆ ಗಟ್ಟಿಯಾಗಿತ್ತು. ಒಂದೊಂದು ಮರಿಯೂ ಬಿಡಿಯಾಗಿತ್ತು, ರಕ್ತದ ಕಲೆಯಾಗಲಿ ಕಪ್ಪಗಾದ ಹೊಟ್ಟೆಯಾಗಲಿ ಇರಲಿಲ್ಲ. ಕೊರತೆ ಇರುವುದು ಗಾತ್ರದಲ್ಲಿ. ಒಂದೇ ಪ್ಯಾಕೆಟ್ಟಿನಲ್ಲಿ ಹುಟ್ಟಿದ ದಿನದ ಮರಿಗಳೂ, ಅವುಗಳಿಗಿಂತ ಎದ್ದು ಕಾಣುವಷ್ಟು ದಪ್ಪನೆಯವೂ ಬೆರೆತಿದ್ದವು. ಹಾವಿನ ಮೈಯ ಅತಿ ದಪ್ಪನೆಯ ಭಾಗಕ್ಕಿಂತ ಬಹಳ ದೊಡ್ಡದಾದ ಆಹಾರವನ್ನು ಮೊದಲ ಊಟಕ್ಕೆ ಕೊಡಲಾಗದು. ನುಂಗಿದರೂ ಕಕ್ಕಿಬಿಡುವ ಸಂಭವ ಹೆಚ್ಚು. ಉಣ್ಣದ ಮರಿಗೆಂದೇ ಮಾರುವ ಪೆಟ್ಟಿಗೆಯಲ್ಲಿ ಅತ್ಯಂತ ಸಣ್ಣ ಪಿಂಕಿಗಳನ್ನೇ ಆರಿಸಿ ತುಂಬಬೇಕಿತ್ತು.

ಸಂಗ್ರಹದ ಕಷ್ಟ ಬೇರೆ. ಪಿಂಕಿಗಳು ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತವೆ ಎಂಬುದು ಕರೆಂಟು ಇರುವ ಊರಿನ ಮಾತು. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿ ಕೊಟ್ಟರೆ ಕೊಳೆತ ಆಹಾರವನ್ನೇ ಕೊಟ್ಟ ಹಾಗೆ. ಆಗುಂಬೆ, ಬಿದನೂರು ನಗರ, ತಾಳಗುಪ್ಪದ ಕಡೆಯವರು ಮಳೆಗಾಲದಲ್ಲಿ ದೊಡ್ಡ ಪ್ಯಾಕೆಟ್ ತರಿಸದೆ, ಸಣ್ಣದನ್ನೇ ಹೆಚ್ಚು ಸಲ ತರಿಸುವುದು ಲೇಸು, ಸಾಗಣೆಯ ಖರ್ಚು ಏರಿದರೂ ಸರಿ. ಅಡುಗೆಮನೆಯ ಫ್ರಿಜ್ಜಿನಲ್ಲಿ ಇಲಿ ಇಡಲು ಮನೆಯವರನ್ನು ಒಪ್ಪಿಸುವ ಉಪಾಯವನ್ನು ಮಾತ್ರ ಯಾವ ಕಿಟ್ಟೂ ಕೊಡಲಾರದು. ನಮ್ಮಲ್ಲಿ ಬಾಗಿಲಿಗೆ ಬೀಗವಿರುವ ಹಳೆಯ ಸಣ್ಣ ಫ್ರಿಜ್ಜೊಂದನ್ನು ಹಿತ್ತಿಲ ಕೋಣೆಗೆ ಹಾಕಿದ ಮೇಲೆಯೇ ಮಾತು ಮುಗಿಯಿತು.

ಕರಗಿಸುವ ಕ್ರಮವನ್ನು ಸೂಚನಾಪತ್ರ ಸರಿಯಾಗಿಯೇ ಹೇಳಿದೆ. ಪಿಂಕಿಯನ್ನು ಜಿಪ್ ಕವರಿನಲ್ಲಿ ಹಾಕಿ ಫ್ರಿಜ್ಜಿನ ಕೆಳಭಾಗದಲ್ಲಿ ಕರಗಲು ಬಿಟ್ಟು, ಕೊಡುವ ಮುಂಚೆ ಕೈಗೆ ಬಿಸಿಯೆನಿಸುವ, ಆದರೆ ಸುಡದ ನೀರಿನಲ್ಲಿ ಕವರಿನ ಸಮೇತ ಅದ್ದಿಡಬೇಕು. ಮೈಕ್ರೋವೇವ್‌ಗೆ ಹಾಕಕೂಡದು. ಒಳಗೆ ಬೆಂದು ಒಡೆಯುತ್ತದೆ.

ಈಗ ಆ ಶೀಶೆಗೆ ಬರೋಣ. ತತ್ವದಲ್ಲಿ ತಪ್ಪಿಲ್ಲ: ಕಾರ್ನ್ ಸ್ನೇಕ್ ಮರಿ ಆಹಾರವನ್ನು ಗುರುತಿಸುವುದು ಮುಖ್ಯವಾಗಿ ವಾಸನೆಯಿಂದ, ಮತ್ತು ಇಲಿಯ ಮರಿಗೆ ಹಲ್ಲಿಯ ವಾಸನೆ ಹಚ್ಚಿ ಮೋಸಪಡಿಸುವುದು ಸಾಕುವವರ ಹಳೆಯ ತಂತ್ರ. ಆದರೆ ಈ ಶೀಶೆಯ ದ್ರವದಿಂದ ನನ್ನ ಮೂಗಿಗೆ ಬಂದದ್ದು ಬರಿಯ ಸ್ಪಿರಿಟ್ಟಿನ ಘಾಟು. ಅದನ್ನು ಹಚ್ಚಿದ ಪಿಂಕಿಯಿಂದ ಮರಿ ತಲೆ ಹಿಂದಕ್ಕೆಳೆದುಕೊಂಡಿತು. ಇದಕ್ಕಿಂತ ಎಷ್ಟೋ ಮೇಲಾದ ಉಪಾಯಗಳಿಗೆ ಖರ್ಚೇ ಇಲ್ಲ. ಪಿಂಕಿಯನ್ನು ಸೋಪಿಲ್ಲದ ಬೆಚ್ಚನೆಯ ನೀರಿನಲ್ಲಿ ಚೆನ್ನಾಗಿ ತೊಳೆದು ಇಲಿಯ ವಾಸನೆಯನ್ನೇ ತೆಗೆದು ಕೊಟ್ಟರೆ ಕೆಲವು ಮರಿಗಳು ತಿನ್ನುತ್ತವೆ. ಉಪ್ಪು ಮಸಾಲೆ ಯಾವುದೂ ಇಲ್ಲದೆ ಕೋಳಿ ಬೇಯಿಸಿದ ನೀರಿನಲ್ಲಿ ಅದ್ದಿ ಕೊಟ್ಟರೆ ಇನ್ನು ಕೆಲವು ಬಾಯಿ ಹಾಕುತ್ತವೆ. ಎರಡಕ್ಕೂ ಜಗ್ಗದಿದ್ದರೆ ಸತ್ತ ಪಿಂಕಿಯ ತಲೆಗೆ ಸೂಜಿಯಿಂದ ಚುಚ್ಚಿ ಒಳಗಿನ ದ್ರವ ಸ್ವಲ್ಪ ಹೊರಬರುವಂತೆ ಮಾಡುವ ಕ್ರಮವಿದೆ. ಓದಲು ಹೇಸಿಗೆ, ಆದರೆ ಹಟಮಾರಿ ಮರಿಗಳ ಮಟ್ಟಿಗೆ ಬಹುಶಃ ಇದೇ ಹೆಚ್ಚು ಫಲ ಕೊಡುವ ತಂತ್ರ. ಗೋಡೆಯ ಹಲ್ಲಿಯನ್ನೇ ಹಿಡಿದು ಪಿಂಕಿಗೆ ಉಜ್ಜುವ ಸಲಹೆಯನ್ನು ಮಾತ್ರ ಒಪ್ಪಲಾರೆ. ಹಲ್ಲಿಯ ಮೈಯಲ್ಲಿರುವ ಪರೋಪಜೀವಿಗಳು ಮರಿಗೆ ದಾಟುವ ಅಪಾಯವಿದೆ.

ಸೂಚನಾಪತ್ರದ ಎರಡನೆಯ ಪುಟವನ್ನು ಹರಿದು ಹಾಕಿದರೂ ನಷ್ಟವಿಲ್ಲ. ‘ತಿನ್ನುವವರೆಗೆ ಪ್ರತಿದಿನ ಕೊಟ್ಟು ನೋಡಿ’ ಎಂದು ಅಲ್ಲಿ ಬರೆದಿದ್ದಾರೆ. ಬೇಡವೆಂದ ಮರಿಯನ್ನು ನಾಲ್ಕೈದು ದಿನ ಮುಟ್ಟದೆ, ನೀರು ಬದಲಿಸುವುದಕ್ಕಷ್ಟೇ ಮುಚ್ಚಳ ತೆರೆದು, ಆಮೇಲೆ ಮತ್ತೊಮ್ಮೆ ಕೊಡುವುದು ಸರಿಯಾದ ಕ್ರಮ. ಕಣ್ಣು ನೀಲಿಗಟ್ಟಿ ಮಂಜಾಗಿದ್ದರೆ ಅದು ಪೊರೆ ಬಿಡುವ ಸೂಚನೆ. ಆಗ ಊಟದ ಪ್ರಸ್ತಾಪವೇ ಬೇಡ. ಅದೇ ಪುಟದಲ್ಲಿ ಬಾಯಿ ಬಿಡಿಸಿ ಬಲವಂತವಾಗಿ ತುರುಕುವುದನ್ನು ಚಿತ್ರ ಸಹಿತ ವಿವರಿಸಿರುವುದು ನನ್ನ ದೃಷ್ಟಿಯಲ್ಲಿ ಈ ಕಿಟ್ಟಿನ ಅತಿ ದೊಡ್ಡ ದೋಷ. ಬೆಂಕಿಕಡ್ಡಿಯಷ್ಟು ತೆಳುವಾದ ದವಡೆಯನ್ನು ಅನುಭವವಿಲ್ಲದವರು ಮುರಿದು ಹಾಕಬಲ್ಲರು. ಆ ಹಂತ ಬಂದರೆ ಮಾಡಬೇಕಾದ್ದು ಸರೀಸೃಪಗಳನ್ನು ನೋಡಿ ಗೊತ್ತಿರುವ ಪಶುವೈದ್ಯರು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವುದರಿಂದ, ಅಂಥ ವೈದ್ಯರು ಯಾರೆಂಬುದನ್ನು ಮರಿ ತರುವ ಮುಂಚೆಯೇ ವಿಚಾರಿಸಿಕೊಳ್ಳುವುದು ಕಷ್ಟವಲ್ಲ.

ಆ ಹಂತ ಬಂದಿದೆಯೇ ಎಂದು ತಿಳಿಯಲು ತೂಕ ಬೇಕು, ತೂಕಕ್ಕೆ ತಕ್ಕಡಿ ಬೇಕು, ಮತ್ತು ಕಿಟ್ಟಿನಲ್ಲಿ ತಕ್ಕಡಿಯೇ ಇಲ್ಲ. ಗ್ರಾಮಿನ ಹತ್ತನೇ ಒಂದು ಭಾಗವನ್ನು ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಗಳು ಅಗ್ಗವಾಗಿಯೇ ಸಿಗುತ್ತವೆ. ವಾರಕ್ಕೊಮ್ಮೆ ತೂಗಿ ಬರೆದಿಟ್ಟರೆ ಹಟ ಯಾವುದು, ಅನಾರೋಗ್ಯ ಯಾವುದು ಎಂದು ಕಾಗದವೇ ಹೇಳುತ್ತದೆ. ಆರೋಗ್ಯವಂತ ಮರಿ ಕೆಲವು ವಾರ ಉಣ್ಣದೆಯೂ ತೂಕ ಉಳಿಸಿಕೊಳ್ಳಬಲ್ಲದು. ಹತ್ತನೇ ಒಂದು ಭಾಗದಷ್ಟು ಇಳಿದರೆ ಕಾಯುವುದು ಬೇಡ. ವಾಸನೆಯ ಶೀಶೆಯನ್ನು ಬಿಟ್ಟು ಆ ಜಾಗದಲ್ಲಿ ತಕ್ಕಡಿ ಇಟ್ಟಿದ್ದರೆ ಪೆಟ್ಟಿಗೆ ಪೂರ್ಣವಾಗುತ್ತಿತ್ತು.

ಬಾಲ್ ಪೈಥಾನ್ ಮರಿ ಇರುವವರು ಇದನ್ನು ಕೊಳ್ಳಬೇಕಾಗಿಲ್ಲ. ಆ ಮರಿ ಹುಟ್ಟುವಾಗಲೇ ಐವತ್ತು ಗ್ರಾಂ ದಾಟಿರುತ್ತದೆ, ಅದಕ್ಕೆ ಪಿಂಕಿ ತೀರ ಚಿಕ್ಕದು. ರೋಮ ಬಂದ ಇಲಿಮರಿಯೇ ಬೇಕು. ತುಟಿಯಂಚಿನ ಕುಳಿಗಳಿಂದ ಬಿಸಿಯನ್ನು ಗ್ರಹಿಸುವ ಹಾವು ಅದಾದ್ದರಿಂದ, ಕರಗಿಸಿದ ಇಲಿಯ ತಲೆಯನ್ನು ಜೀವಂತ ಇಲಿಯ ಮೈಬಿಸಿಗಿಂತ ತುಸು ಹೆಚ್ಚಾಗಿಯೇ ಕಾಯಿಸಿ ಚಿಮಟದಲ್ಲಿ ಆಡಿಸಬೇಕಾಗುತ್ತದೆ. ಜೊತೆಗೆ ಅದರ ಗೂಡಿಗೆ ಇನ್ನೂ ಒಂದೆರಡು ಡಿಗ್ರಿ ಹೆಚ್ಚು ಬಿಸಿ ಬೇಕು.

ಮರಿ ಉಣ್ಣುತ್ತಿಲ್ಲವೆಂಬ ಸುದ್ದಿ ಹಬ್ಬಿದರೆ ಹಾಲು ಕೊಟ್ಟು ನೋಡಿ ಎನ್ನುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ನಾಗರ ಪಂಚಮಿಯ ದಿನ ಕಲ್ಲಿನ ನಾಗನಿಗೆ ತನಿ ಎರೆಯುವುದು ನಂಬಿಕೆಯ ವಿಷಯ, ಅದಕ್ಕೆ ನನ್ನ ತಕರಾರಿಲ್ಲ. ಜೀವಂತ ಹಾವಿಗೆ ಹಾಲು ಆಹಾರವಲ್ಲ, ಅದು ಜೀರ್ಣವೂ ಆಗುವುದಿಲ್ಲ. ಅದರ ಬಟ್ಟಲಿನಲ್ಲಿ ಇರಬೇಕಾದ್ದು ಶುದ್ಧ ನೀರು.

ಒಟ್ಟು ಕಿಟ್ಟಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಸಾಗಣೆಯ ಅಚ್ಚುಕಟ್ಟಿಗೆ ಬೇಕಾದರೆ ಇನ್ನರ್ಧ ಸೇರಿಸಬಹುದು. ಮೊದಲ ಸಲ ಸಾಕುವವರು, ಎಲ್ಲವನ್ನೂ ಬಿಡಿಬಿಡಿಯಾಗಿ ಹುಡುಕುವ ವ್ಯವಧಾನವಿಲ್ಲದವರು ತರಿಸಿಕೊಳ್ಳಲಿ. ಎಲೆಕ್ಟ್ರಿಕಲ್ ಕೆಲಸ ಸ್ವಲ್ಪ ಗೊತ್ತಿರುವವರು ಥರ್ಮೋಸ್ಟ್ಯಾಟ್, ಮ್ಯಾಟ್, ತಕ್ಕಡಿಗಳನ್ನು ಬೇರೆಯಾಗಿ ಕೊಂಡು, ಅದೇ ಪೂರೈಕೆದಾರರಿಂದ ಪಿಂಕಿಗಳನ್ನು ಮಾತ್ರ ‘ಅತಿ ಸಣ್ಣವು’ ಎಂದು ಒತ್ತಿ ಹೇಳಿ ತರಿಸಿದರೆ ಖರ್ಚು ಗಣನೀಯವಾಗಿ ಇಳಿಯುತ್ತದೆ. ಆರ್ಡರ್ ಕೊಡುವಾಗ ವಾರದ ಮೊದಲ ದಿನಗಳನ್ನು ಆರಿಸಿಕೊಳ್ಳಿ. ಶನಿವಾರ ಹೊರಟ ಪಾರ್ಸೆಲ್ ಭಾನುವಾರ ಎಲ್ಲಾದರೂ ಗೋದಾಮಿನಲ್ಲಿ ಉಳಿದರೆ ಜೆಲ್ ಪ್ಯಾಕುಗಳು ಸೋಮವಾರದವರೆಗೆ ತಡೆಯುವುದಿಲ್ಲ.