ನಕಲಿ ತರಕಾರಿ ಅಂಗಡಿಗೆ ಪ್ಲಾಸ್ಟರೋ, ಫೆಲ್ಟೋ?

ಸಾರ್ವಜನಿಕ ಸ್ಥಳದಲ್ಲಿ ನಕಲಿ ತರಕಾರಿ ಅಂಗಡಿಯೊಂದನ್ನು ಕಲಾಕೃತಿಯಾಗಿ ಕಟ್ಟಹೊರಟವರಿಗೆ ಮೊದಲು ಎದುರಾಗುವುದು ಬದನೆಕಾಯಿಯನ್ನು ಯಾವುದರಿಂದ ಮಾಡಬೇಕೆಂಬ ಪ್ರಶ್ನೆ. ಅಮೆರಿಕದ ಶಿಲ್ಪಿ ಕ್ಲೇಸ್ ಓಲ್ಡನ್‌ಬರ್ಗ್ 1961ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ‘ದಿ ಸ್ಟೋರ್’ ಎಂಬ ಕಲಾಕೃತಿಗಳ ಅಂಗಡಿಗಾಗಿ ತಂತಿಬಲೆಯ ಮೇಲೆ ಪ್ಲಾಸ್ಟರಿನಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅದ್ದಿದ ಮಸ್ಲಿನ್ ಎಂಬ ತೆಳು ಹತ್ತಿಬಟ್ಟೆ ಹೊದಿಸಿ, ಎನಾಮಲ್ ಬಣ್ಣ ಬಳಿದು ತಿನಿಸುಗಳನ್ನೂ ಉಡುಪುಗಳನ್ನೂ ರೂಪಿಸಿದರು, ಬ್ರಿಟನ್ನಿನ ಕಲಾವಿದೆ ಲೂಸಿ ಸ್ಪ್ಯಾರೋ 2014ರಲ್ಲಿ ಲಂಡನ್ನಿನಲ್ಲಿ ತೆರೆದ ಮೂಲೆಯಂಗಡಿಯ ಸರಕನ್ನು ಫೆಲ್ಟ್, ಅಂದರೆ ನೇಯದೆ ನಾರುಗಳನ್ನು ಒತ್ತಿ ಮಾಡಿದ ಬಟ್ಟೆಯಲ್ಲಿ ಹೊಲಿದರು.

ಕುಂಬಳ, ಹಲಸುಗಳಂತಹ ದೊಡ್ಡ ಗಾತ್ರಕ್ಕೆ ಪ್ಲಾಸ್ಟರ್ ಒದಗುವಷ್ಟು ಫೆಲ್ಟ್ ಒದಗುವುದಿಲ್ಲ. ಆದರೆ ಕಲಸಿದ ಪ್ಲಾಸ್ಟರ್ ಅರ್ಧ ಗಂಟೆಯೊಳಗೆ ಗಟ್ಟಿಯಾಗುವುದರಿಂದ ಕೈ ಚುರುಕಾಗಿರಬೇಕು. ಕೆಳಗೆ ಬಿದ್ದರೆ ಅಂಚು ಒಡೆಯುತ್ತದೆ. ಬಣ್ಣ ಬಿರಿದಲ್ಲಿ ನೀರು ಹೀರಿ ಮೆತ್ತಗಾಗುವುದರಿಂದ ಮೇಲೆ ಚಾವಣಿ ಬೇಕೇ ಬೇಕು. ಫೆಲ್ಟಿಗೂ ಮಳೆ ಆಗದು, ಧೂಳಂತೂ ಬೇಗ ಕೂರುತ್ತದೆ, ಬಿಸಿಲಿಗೆ ಬಣ್ಣ ಮಾಸುತ್ತದೆ. ಆದರೂ ಅದರ ಅಂಚು ಕತ್ತರಿಸಿದರೆ ನೂಲು ಬಿಚ್ಚಿಕೊಳ್ಳದ ಕಾರಣ ಕೊತ್ತಂಬರಿ, ಮೆಂತ್ಯದಂತಹ ಸೊಪ್ಪುಗಳಿಗೆ ಅದಕ್ಕಿಂತ ಅನುಕೂಲವಾದದ್ದಿಲ್ಲ. ಹೊಲಿಗೆ ಬಲ್ಲ ಹತ್ತು ಜನ ಮನೆಯಲ್ಲೇ ಕುಳಿತು ಕೆಲಸ ಹಂಚಿಕೊಳ್ಳಬಹುದು.

ಕಾಗದದ ತಿರುಳು ಅಗ್ಗವಾದರೂ ಒಣಗಲು ದಿನಗಟ್ಟಲೆ ಹಿಡಿಯುತ್ತದೆ.

ಟೊಮ್ಯಾಟೊ ಕಂಡರೆ ಒತ್ತಿ ನೋಡದೆ ಬಿಡುವ ಗಿರಾಕಿ ಅಪರೂಪ. ಆದ್ದರಿಂದ ಜನ ಮುಟ್ಟಬಹುದಾದ ಅಂಗಡಿಗೆ ನನ್ನ ಆಯ್ಕೆ ಫೆಲ್ಟ್. ಗಾಜಿನ ಹಿಂದೆ, ಬೀದಿಯಿಂದಷ್ಟೇ ಕಾಣುವಂತಿದ್ದರೆ ಮಾತ್ರ ಪ್ಲಾಸ್ಟರನ್ನು ಆರಿಸಿಕೊಳ್ಳುವುದು ಲೇಸು.